ಮೂರರಿಂದ ಒಂಬತ್ತು

ಫೆಬ್ರವರಿ 6

ಗುಂಡುಸೂಜಿಗೆ,

ನೀನು ಬಸ್ಸು ಹತ್ತಿ ಹೋಗಿ ಹತ್ತು ದಿನವಾಯಿತು. ಇಷ್ಟು ದಿನ ಬರೆಯದೆ ಇದ್ದದ್ದು ಕೋಪಕ್ಕೆ. ಈಗ ಬರೆಯುತ್ತಿರುವುದೂ ಕೋಪಕ್ಕೇ. ಫೋನಿನಲ್ಲಿ ಬೈಯೋಣವೆಂದರೆ ನನ್ನ ಕಿವಿಯ ಗತಿ ನಿನಗೆ ಗೊತ್ತು. ನಾನು ಬೈದದ್ದು ನಿನಗೆ ಕೇಳಿಸುತ್ತದೆ, ನೀನು ಕೊಟ್ಟ ಉತ್ತರ ನನಗೆ ಕೇಳಿಸುವುದಿಲ್ಲ. ಅದು ನ್ಯಾಯವಲ್ಲ ಎಂದು ನಿನ್ನ ಅಮ್ಮ ಹೇಳಿದಳು.

ರಜೆಗೆ ಬಂದವಳು ಎರಡು ದಿನ ಸೆಕೆಯಲ್ಲಿ ಉದ್ದ ತೋಳಿನ ಅಂಗಿ ಹಾಕಿಕೊಂಡು ಓಡಾಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಮೂರನೇ ದಿನ ನಿನ್ನ ಹೊಸ ಪೊಲೀಸ್ ಸಮವಸ್ತ್ರಕ್ಕೆ ಅಳತೆ ತೆಗೆಯಲು ತೋಳು ಮಡಿಸು ಎಂದರೆ ಕಿಟಕಿಯ ಕಡೆ ತಿರುಗಿ ನಿಂತೆ. ಎಡಗೈಯ ಹೊರಬದಿಗೆ, ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಹಚ್ಚೆ. ಅದೂ ಏನು? ದರ್ಜಿಯ ಟೇಪು. ಇಂಚಿನ ಗೆರೆ, ಅರ್ಧ ಇಂಚಿನ ಗೆರೆ, ಅಂಕಿ, ಎಲ್ಲ.

ಮೂವತ್ತೊಂದು ವರ್ಷ ನಾನು ಪೊಲೀಸರಿಗೆ ಸಮವಸ್ತ್ರ ಹೊಲಿದಿದ್ದೇನೆ. ಹೊಟ್ಟೆ ಬಂದವರಿಗೂ ಹೊಲಿದಿದ್ದೇನೆ, ಒಂದು ಭುಜ ಇಳಿದವರಿಗೂ ಹೊಲಿದಿದ್ದೇನೆ. ಒಬ್ಬೊಬ್ಬರದು ಒಂದೊಂದು ಥರದ ಮೈ, ಹೊರಗಿನಿಂದ ಮಾತ್ರ ಎಲ್ಲರೂ ಒಂದೇ ಕಾಣಬೇಕು. ನನ್ನ ಕೆಲಸವೇ ಅದು. ನೀನು ಅದರೊಳಗಿಂದ ಒಂದು ಕೈ ಹೊರಗೆ ಹಾಕಿ ‘ಇದು ನಾನು’ ಎಂದು ಬರೆಸಿಕೊಂಡರೆ ನನ್ನ ಮೂವತ್ತೊಂದು ವರ್ಷ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ಇನ್ನೊಂದು ವಿಷಯ. ಹಾಕಿಸಿಕೊಂಡದ್ದು ಹಾಕಿಸಿಕೊಂಡೆ, ನೆಟ್ಟಗಾದರೂ ಹಾಕಿಸಿಕೊಳ್ಳಬಾರದೇ? ಟೇಪು ಮೂರರಿಂದ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ಮೂರರಿಂದ ಏಕೆ ಎಂದು ನನಗೆ ಗೊತ್ತು. ಊರಿಗೆ ಗೊತ್ತೇ? ನೋಡಿದವರು ದರ್ಜಿಯ ಮಗಳಿಗೆ ಎಣಿಸಲೂ ಬರುವುದಿಲ್ಲ ಎಂದುಕೊಳ್ಳುತ್ತಾರೆ.

ಅಮ್ಮ ಕಾಜಾ ಹೊಲಿಯುತ್ತಾ ಕೂತವಳು, “ಚೆನ್ನಾಗೇ ಇದೆಯಲ್ಲ, ನೋವಾಯ್ತಾ ಕೇಳಿ” ಎಂದಳು. ನಾನು ಕೇಳುವುದಿಲ್ಲ.

ನಿನ್ನ ಅಪ್ಪ

•

ಫೆಬ್ರವರಿ 19

ಅಪ್ಪಾ,

ನೋವಾಯಿತು. ಮಣಿಕಟ್ಟಿನ ಹತ್ತಿರ ಬಹಳ. ಅಮ್ಮನಿಗೆ ಹೇಳು.

ನಾನು ಆರು ವರ್ಷದವಳಿದ್ದಾಗ ಕಾದ ಇಸ್ತ್ರಿಪೆಟ್ಟಿಗೆಯನ್ನು ನಿನ್ನ ಟೇಪಿನ ಮೇಲಿಟ್ಟು ಆಟಕ್ಕೆ ಓಡಿದ್ದೆ. ಮೊದಲ ಮೂರು ಇಂಚು ಕರಕಲಾಗಿತ್ತು. ನೀನು ಬೈಯಲಿಲ್ಲ. ಕತ್ತರಿ ತೆಗೆದುಕೊಂಡು ಮೂರರ ಗೆರೆಗೆ ಸರಿಯಾಗಿ ಕತ್ತರಿಸಿದೆ. ಆದರೆ ಹೊಸದನ್ನು ಕೊಳ್ಳಲೂ ಇಲ್ಲ. ಅವತ್ತಿನಿಂದ ಗಿರಾಕಿ ಬಂದು ನಿಂತಾಗಲೆಲ್ಲ ನೀನು ಅಳತೆ ಕೂಗುವುದು, ನಾನು ಪುಸ್ತಕದಲ್ಲಿ ಬರೆಯುವುದು. “ಎದೆ ನಲವತ್ತೊಂದು, ಮೂರು ಕಳಿ.” “ತೋಳು ಇಪ್ಪತ್ತಾರು, ಮೂರು ಕಳಿ.” ಶಾಲೆಯಲ್ಲಿ ಕಳೆಯುವ ಲೆಕ್ಕ ಹೇಳಿಕೊಡುವ ಮೊದಲೇ ನನಗೆ ಮೂರು ಕಳೆಯಲು ಬರುತ್ತಿತ್ತು.

ತರಬೇತಿಗೆ ಹೋಗುವಾಗ ಆ ಟೇಪನ್ನು ಕದ್ದುಕೊಂಡು ಹೋದವಳು ನಾನೇ. ಟ್ಯಾಟೂ ಹಾಕುವವನ ಮುಂದೆ ಅದನ್ನೇ ಹರಡಿದೆ. ಅವನು, “ಒಂದು, ಎರಡು ನಾನೇ ಸೇರಿಸ್ಲಾ?” ಎಂದ. “ಬೇಡ, ಇರೋ ಹಾಗೇ ಹಾಕು” ಎಂದೆ. ಬೇರೆಯವರು ದೇವರನ್ನೋ ಪ್ರೀತಿಸಿದವರ ಹೆಸರನ್ನೋ ಹಾಕಿಸಿಕೊಳ್ಳುತ್ತಾರೆ. ನಾನು ನಿನ್ನ ಅಂಗಡಿಯನ್ನು ಹಾಕಿಸಿಕೊಂಡೆ. ಅದಕ್ಕೆ ಹತ್ತು ದಿನ ಕೋಪವೇ?

ಕೆಲಸಕ್ಕೂ ಬರುತ್ತದೆ. ಠಾಣೆಯ ಟೇಪು ಯಾವ ಕಾಲದಲ್ಲೋ ಕಾಣೆಯಾಗಿದೆ. ಹೋದ ವಾರ ಒಂದು ಜಗಳದಲ್ಲಿ ಚಾಕು ಸಿಕ್ಕಿತು. ನಮ್ಮ ಹೆಡ್ಡು ಅದನ್ನು ನನ್ನ ಕೈ ಪಕ್ಕ ಹಿಡಿದು ‘ಒಂಬತ್ತು ಇಂಚು’ ಎಂದು ಬರೆದುಬಿಟ್ಟರು. “ಮೂರು ಕಳೀರಿ ಸಾರ್” ಎಂದೆ. ಠಾಣೆಯೆಲ್ಲ ನಕ್ಕಿತು. ಈಗ ಲೋಟದಲ್ಲಿ ಚಹಾ ಕಡಿಮೆ ಬಂದರೂ ‘ಮೂರು ಕಳೆದಿದ್ದಾನೆ’ ಎನ್ನುತ್ತಾರೆ. ಹೆಡ್ಡು ಎಂದರೆ ಹೆಡ್ ಕಾನ್ಸ್‌ಟೇಬಲ್, ನನಗೆ ಕೆಲಸ ಕಲಿಸುವವರು. ನಿನ್ನದೇ ವಯಸ್ಸು. ದಿನಾ ಮಧ್ಯಾಹ್ನ ತಮ್ಮ ಡಬ್ಬಿಯಲ್ಲಿ ನನಗೊಂದು ಪಾಲು ಎತ್ತಿಡುತ್ತಾರೆ.

ಸಮವಸ್ತ್ರದ ಮಾತಿಗೆ ನನ್ನ ಉತ್ತರ ಇದು. ಎಲ್ಲರೂ ಒಂದೇ ಕಂಡರೆ ಜನ ಯಾರನ್ನು ಹುಡುಕಬೇಕು? ಹೆಸರಿನ ಪಟ್ಟಿ ಬೆರಳಗಲ ಇದೆ, ಬೇಕೆಂದಾಗ ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು. ಕೈಯನ್ನು ಹಾಗೆ ಮಾಡಲಾಗುವುದಿಲ್ಲ. ಒಳ್ಳೆಯದು ಮಾಡಿದರೂ ಕೆಟ್ಟದು ಮಾಡಿದರೂ ‘ಇವಳೇ’ ಎಂದು ತೋರಿಸಲಿ. ನನಗೆ ಮುಚ್ಚಿಡುವಂಥದ್ದು ಏನೂ ಇಲ್ಲ.

ನಿನ್ನ ಗುಂಡುಸೂಜಿ

•

ಮಾರ್ಚ್ 12

ಗುಂಡುಸೂಜಿಗೆ,

ಟೇಪನ್ನು ಇಲಿ ಒಯ್ದಿತೆಂದು ಎರಡು ವರ್ಷದಿಂದ ಅಂಗಡಿಯಲ್ಲಿ ಬೋನು ಇಟ್ಟಿದ್ದೇನೆ. ಪಾಪದ ಇಲಿ. ಪೊಲೀಸರ ಮನೆಯಲ್ಲೇ ಕಳ್ಳತನ ಎಂದು ಅಮ್ಮ ಬಿದ್ದು ಬಿದ್ದು ನಕ್ಕಳು. ಹೊಸ ಟೇಪು ಕೊಂಡ ವಾರ ನಾನು ಅಭ್ಯಾಸಬಲದಿಂದ ಅದರಲ್ಲೂ ಮೂರು ಕಳೆದು ಒಬ್ಬ ಇನ್‌ಸ್ಪೆಕ್ಟರಿಗೆ ಸೊಂಟ ಕಾಣುವ ಅಂಗಿ ಹೊಲಿದುಕೊಟ್ಟಿದ್ದೆ. ಆ ಪಾಪವೂ ನಿನ್ನ ತಲೆಗೇ.

ಕೋಪ ಇಳಿದಿದೆ, ಮಾತು ಇಳಿದಿಲ್ಲ. ನಿನ್ನೆ ಒಬ್ಬ ಕಾನ್ಸ್‌ಟೇಬಲ್ ಅಳತೆಗೆ ಬಂದಿದ್ದ. ಭುಜದಿಂದ ಮಣಿಕಟ್ಟಿನವರೆಗೆ ಬಾಯಿ ತೆರೆದ ಹಾವು. ಮೆದು ಮಾತಿನವನು, ಟೇಪು ತಣ್ಣಗೆ ತಗಲಿದರೆ ಬೆಚ್ಚುವವನು. ಆದರೆ ಠಾಣೆಗೆ ಹೆದರಿಕೊಂಡು ದೂರು ಕೊಡಲು ಬಂದವಳಿಗೆ ಅವನ ಸ್ವಭಾವ ಹೇಗೆ ಗೊತ್ತಾಗಬೇಕು? ಅವಳಿಗೆ ಕಾಣುವುದು ಹಾವು. ನಿನ್ನದು ಹಾವಲ್ಲ ಎನ್ನುತ್ತೀಯ. ಇರಲಿ. ತನ್ನ ಕಷ್ಟ ಹೇಳಲು ಬಂದವರು ನಿನ್ನ ಕೈ ಓದುತ್ತಾ ಕೂರಬೇಕೇ? ಪೊಲೀಸರ ಮೈಮೇಲೆ ಓದುವುದಕ್ಕೆ ಏನೂ ಇರಬಾರದು.

ಎರಡು ಅರ್ಧ ತೋಳಿನ ಅಂಗಿ ಕಳಿಸಿದ್ದೇನೆ. ತೋಳು ನಿಯಮದ ಪ್ರಕಾರ ಮೊಣಕೈಗೆ ಎರಡು ಬೆರಳು ಮೇಲೆ. ಕಾಜಾ ಅಮ್ಮನದು, ಎಂದಿನಂತೆ ಬಿಗಿ. ಗಿರಾಕಿಗಳು ಗೊಣಗುತ್ತಾರೆ, ಗುಂಡಿ ಹಾಕಲು ಒಬ್ಬ ಆಳು ಬೇಕು ಎನ್ನುತ್ತಾರೆ. “ಸಡಿಲ ಇದ್ರೆ ಒಂದು ವರ್ಷ, ಬಿಗಿ ಇದ್ರೆ ಹತ್ತು ವರ್ಷ” ಎಂಬುದು ಅವಳ ಉತ್ತರ.

ನಿನ್ನ ಅಪ್ಪ

•

ಏಪ್ರಿಲ್ 29

ಅಪ್ಪನಿಗೆ,

ಅಂಗಿ ತಲುಪಿತು. ಸರಿಯಾಗಿದೆ. ಬರೆಯಲು ತಡವಾಯಿತು, ಕೆಲಸ ಜಾಸ್ತಿ.

ಒಂದು ಕೇಳಬೇಕಿತ್ತು. ಅರ್ಧ ತೋಳನ್ನು ಬಿಚ್ಚಿ ಪೂರ್ತಿ ತೋಳು ಮಾಡಲು ಬರುತ್ತದೆಯೇ? ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದೀಯ? ಇಲ್ಲಿ ಬಿಸಿಲು ಜೋರು, ಚರ್ಮ ಸುಡುತ್ತದೆ.

ಅಮ್ಮನಿಗೆ ಹೇಳು, ಊಟ ಸರಿಯಾಗಿ ಮಾಡುತ್ತಿದ್ದೇನೆ.

ಮಗಳು

•

ಮೇ 8

ಗುಂಡುಸೂಜಿಗೆ,

ಅರ್ಧ ತೋಳಿನೊಳಗೆ ಮಡಿಸಿರುವುದು ಒಂದೂವರೆ ಇಂಚು. ಅದನ್ನು ಬಿಚ್ಚಿದರೆ ಮೊಣಕೈ ಮುಚ್ಚೀತು, ಅಷ್ಟೇ. ದರ್ಜಿಯ ಮಗಳು ಇದನ್ನು ನನ್ನಿಂದ ಕೇಳಿ ತಿಳಿಯಬೇಕೇ?

ಬಿಸಿಲಿಗೆ ಹೆದರುವವಳಲ್ಲ ನೀನು. ಚಿಕ್ಕವಳಿದ್ದಾಗ ತಗಡಿನ ಮಾಡಿನ ಮೇಲೆ ಬರಿಗಾಲಲ್ಲಿ ಓಡಾಡಿ ಮನೆಗೆ ಬಂದು ಬಕೆಟ್ಟಿನಲ್ಲಿ ಕಾಲಿಟ್ಟು ಕೂರುತ್ತಿದ್ದವಳು. ಅಮ್ಮ ನಿನ್ನ ಕಾಗದವನ್ನು ಎರಡು ಸಲ ಓದಿದಳು. “ಹೆಡ್ಡಿನ ಡಬ್ಬಿ ವಿಷಯ ಇಲ್ಲ, ಚಹಾದ ತಮಾಷೆ ಇಲ್ಲ, ಕೆಳಗೆ ಬರೀ ಮಗಳು ಅಂತ ಇದೆ” ಎಂದಳು. ಅವಳು ಹೇಳಿದ ಮೇಲೆ ನಾನೂ ನೋಡಿದೆ.

ಜ್ವರ ಗಿರ ಏನಾದರೂ ಇದ್ದರೆ ಬರಿ.

ನಿನ್ನ ಅಪ್ಪ

•

ಮೇ 30

ಅಪ್ಪನಿಗೆ,

ಜ್ವರವಿಲ್ಲ. ನಿನಗೆ ಖುಷಿಯ ಸುದ್ದಿ ಇದೆ. ಇಲಾಖೆಯಿಂದ ಸುತ್ತೋಲೆ ಬಂದಿದೆ. ಕಾಣುವ ಜಾಗದಲ್ಲಿ ಟ್ಯಾಟೂ ಇರುವವರು ಮೂರು ತಿಂಗಳೊಳಗೆ ತೆಗೆಸಬೇಕು, ತೆಗೆಸುವವರೆಗೆ ಪೂರ್ತಿ ತೋಳು ಹಾಕಿ ಮುಚ್ಚಿಕೊಳ್ಳಬೇಕು. ನೀನು ಹೇಳಿದ್ದೇ ಸರಿಯಾಯಿತು. ಪೊಲೀಸರ ಮೈಮೇಲೆ ಓದುವುದಕ್ಕೆ ಏನೂ ಇರಬಾರದು. ನಾನೂ ಒಪ್ಪುತ್ತೇನೆ.

ಇನ್‌ಸ್ಪೆಕ್ಟರ್ ಸಾಹೇಬರು ನಮ್ಮ ಠಾಣೆಯಲ್ಲಿ ನಾನೇ ಮೊದಲು ತೆಗೆಸಬೇಕೆಂದು ಹೇಳಿ ಕ್ಲಿನಿಕ್ಕಿನಲ್ಲಿ ದಿನವನ್ನೂ ಗೊತ್ತುಮಾಡಿದ್ದಾರೆ. ಆಗಸ್ಟ್ ಎರಡು. ಅದಕ್ಕಿಂತ ಮುಂಚೆ ಅಲ್ಲಿ ಜಾಗವಿಲ್ಲವಂತೆ. ಬೆಳಕಿನಿಂದ ಸುಡುತ್ತಾರೆ. ಅಲ್ಲಿಯವರೆಗೆ ಎರಡು ಪೂರ್ತಿ ತೋಳಿನ ಅಂಗಿ ಬೇಗ ಹೊಲಿದು ಕಳಿಸು. ಅಳತೆ ನಿನ್ನ ಹತ್ತಿರವೇ ಇದೆ.

ಇಲ್ಲಿ ವಿಶೇಷವೇನಿಲ್ಲ. ಒಂದು ಆಭರಣದ ಅಂಗಡಿಯ ಕಳ್ಳತನದಲ್ಲಿ ಬೀಗ ರಿಪೇರಿಯವನೊಬ್ಬನನ್ನು ಕರೆಸಿದ್ದರು. ಅವನಲ್ಲ ಎಂದು ಗೊತ್ತಾಗಿ ಬಿಟ್ಟರು. ಅಂಥವೇ ಕೆಲಸಗಳು.

ಮಗಳು

•

ಜೂನ್ 14

ಮಗಳೇ,

ಸುತ್ತೋಲೆ ನನಗೂ ಬಂದಿದೆ. ಈ ಊರಿನ ನೂರ ನಲವತ್ತು ಜನರಿಗೆ ಪೂರ್ತಿ ತೋಳಿನ ಅಂಗಿ ಹೊಲಿಯಬೇಕಂತೆ. ನಾನು ಕುಣಿಯಬೇಕಿತ್ತು. ಕುಣಿಯಲಿಲ್ಲ, ಏಕೆಂದರೆ ಹುಟ್ಟಿದಾಗಿನಿಂದ ನೀನು ನನ್ನ ಮಾತಿಗೆ ‘ಒಪ್ಪುತ್ತೇನೆ’ ಎಂದದ್ದು ಇದೇ ಮೊದಲು.

ಹೋದ ಭಾನುವಾರದ ಪೇಪರಿನಲ್ಲಿ ಐದನೇ ಪುಟದ ಮೂಲೆಯಲ್ಲಿ ನಿಮ್ಮ ಊರಿನ ಸುದ್ದಿ ಇತ್ತು. ಬೀಗ ರಿಪೇರಿಯವನು ದೂರು ಕೊಟ್ಟಿದ್ದಾನೆ. ಠಾಣೆಯ ಹಿಂದಿನ ಕೋಣೆಯಲ್ಲಿ ಅವನ ಬಲಗೈಯ ಎರಡು ಬೆರಳು ಮುರಿದರಂತೆ. ಹೊಡೆದವರ ಮುಖ ಕಾಣಲಿಲ್ಲ, ಕೆನ್ನೆ ಮೇಜಿಗೆ ಒತ್ತಿತ್ತು, ಕಣ್ಣಿಗೆ ಕಂಡದ್ದು ತನ್ನ ಕೈ ಹಿಡಿದಿದ್ದ ಕೈ ಒಂದೇ, ಅದರ ಮೇಲೆ ದರ್ಜಿಯ ಟೇಪಿನ ಗುರುತಿತ್ತು ಎಂದಿದ್ದಾನೆ. ಮೂರರಿಂದ ಒಂಬತ್ತು. ಅಂಥ ಗುರುತಿನವರು ಆ ಠಾಣೆಯಲ್ಲಿ ಯಾರೂ ಇಲ್ಲ ಎಂದು ಇಲಾಖೆ ಹೇಳಿಕೆ ಕೊಟ್ಟಿದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಇಲಾಖೆ ಹೆಗಲಿಗೆ ಬಟ್ಟೆ ಹೊಲಿಸಲು ಹೊರಟಿದೆ, ಅದನ್ನೂ ನನ್ನ ಕೈಯಲ್ಲೇ.

ಲೋಕದಲ್ಲಿ ಟೇಪುಗಳು ಕೋಟಿ ಇವೆ. ಮೂರರಿಂದ ಶುರುವಾಗುವ ಟೇಪು ಒಂದೇ. ಆದರೂ ನಿನ್ನ ಬಾಯಿಂದ ಕೇಳಬೇಕು. ಆ ಮೇಜಿನ ಮೇಲೆ ಇದ್ದದ್ದು ನಿನ್ನ ಕೈಯೇ?

ನಿನ್ನ ಅಂಗಿಗೆ ಬೆನ್ನು, ಎದೆ, ಕಾಲರು ಕತ್ತರಿಸಿಟ್ಟಿದ್ದೇನೆ. ತೋಳು ಕತ್ತರಿಸಿಲ್ಲ. ಉತ್ತರ ಬಂದ ಮೇಲೆ ಕತ್ತರಿಸುತ್ತೇನೆ.

ಅಪ್ಪ

•

ಜುಲೈ 5

ಕಂದಾ,

ನಾನು ಕಾಗದ ಬರೆಯದೆ ಎಷ್ಟು ವರ್ಷವಾಯಿತೋ. ಅಕ್ಷರ ಓರೆಯಾದರೆ ನಗಬೇಡ. ನಿನ್ನ ಅಪ್ಪನಿಗೆ ಗೊತ್ತಿಲ್ಲ.

ಇದರ ಜೊತೆ ಒಂದು ಪೂರ್ತಿ ತೋಳಿನ ಅಂಗಿ ಇದೆ. ಅವರು ಕತ್ತರಿಸಿಟ್ಟದ್ದಕ್ಕೆ ತೋಳು ನಾನೇ ಕತ್ತರಿಸಿ ಹೊಲಿದೆ. ಅವರಿಗೆ ಕಿವಿ ಕೇಳದಿರುವುದು ಒಂದೊಂದು ಸಲ ಅನುಕೂಲ. ಹಿಂದಿನ ಕೋಣೆಯಲ್ಲಿ ಮಿಷನ್ ಓಡಿಸಿದ್ದು ಗೊತ್ತೇ ಆಗಲಿಲ್ಲ. ಕತ್ತರಿಸಿದ ಬಟ್ಟೆ ಎಲ್ಲಿ ಎಂದು ಹುಡುಕುತ್ತಿದ್ದಾರೆ. ಇಲಿ ಎಂದಿದ್ದೇನೆ.

ಪೇಪರು ನಾನೂ ಓದಿದೆ. ಅವರು ದಿನಾ ಅಂಚೆಯವನ ದಾರಿ ನೋಡುತ್ತಾರೆ. ನೀನು ಬರೆಯುವುದಿಲ್ಲ. ನೀನು ಬರೆಯದೆ ಇರುವುದರಲ್ಲೇ ನನಗೆ ಉತ್ತರ ಸಿಕ್ಕಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ನಾನು ಹೇಳುವುದು ಇಷ್ಟು. ಹೊಡೆದವಳು ನೀನಲ್ಲ. ನಿನ್ನ ಕೆಲಸ ಹೋದರೆ ಅವನ ಬೆರಳು ನೆಟ್ಟಗಾಗುತ್ತದೆಯೇ? ಆರನೇ ಕ್ಲಾಸಿನಿಂದ ಪೊಲೀಸ್ ಆಗುತ್ತೇನೆ ಎಂದು ಹೇಳಿಕೊಂಡು ಬೆಳೆದವಳು ನೀನು. ಮುಚ್ಚಿಕೋ. ತೆಗೆಸಿಬಿಡು. ಚರ್ಮ ವಾಸಿಯಾಗುತ್ತದೆ. ನಾನು ತಾಯಿ, ನನಗೆ ನಿನ್ನ ಕೈ ಮೊದಲು, ಇನ್ನೊಬ್ಬರ ಕೈ ಆಮೇಲೆ. ಅದು ತಪ್ಪಾದರೆ ತಪ್ಪು ನನಗಿರಲಿ.

ಅಮ್ಮ

•

ಜುಲೈ 19

ಅಪ್ಪಾ,

ನೀನು ಕೇಳಿದ್ದಕ್ಕೆ ಉತ್ತರ, ಹೌದು.

ಏಪ್ರಿಲ್ ಹದಿನಾರು, ಸಂಜೆ ನಾಲ್ಕೂವರೆ. ತಿಜೋರಿಯನ್ನು ಒಡೆಯದೆ ತೆರೆದಿದ್ದರು. ಒಡೆಯದೆ ತೆರೆಯಲು ಬರುವವನು ಬೀಗದವನೇ ಎಂದು ಅವನನ್ನು ಕರೆತಂದರು. ಬೇರೆ ಯಾವ ಆಧಾರವೂ ಇರಲಿಲ್ಲ. ಅವನು ಎರಡು ಗಂಟೆ ಒಂದೇ ಮಾತು ಹೇಳಿದ, “ನಾನು ತೆಗೀಬೇಕು ಅಂದ್ರೆ ತೆಗೀತೀನಿ ಸಾರ್, ಆದ್ರೆ ತೆಗೆದಿಲ್ಲ.” ಬಾಗಿಲ ಹೊರಗೆ ನಿಂತು ಕೇಳುತ್ತಿದ್ದ ಹೆಡ್ಡಿಗೆ ಆ ಮಾತು ಧಿಮಾಕಿನದಾಗಿ ಕಂಡಿತು. ಬೆನ್ನಿನ ಕಡೆಯಿಂದ ಬಂದು ಕತ್ತು ಹಿಡಿದು ಹಿಂದಿನ ಕೋಣೆಗೆ ತಳ್ಳಿಕೊಂಡು ಹೋಗಿ ಅವನ ಕೆನ್ನೆಯನ್ನು ಮೇಜಿಗೆ ಒತ್ತಿದರು. “ಬಾಮ್ಮಾ, ಕೈ ಹಿಡ್ಕೋ” ಎಂದರು. ನಾನು ಹೋದೆ.

ಎಡಗೈಯನ್ನು ಅವನ ಮಣಿಕಟ್ಟಿನ ಮೇಲೆ ಅಡ್ಡ ಇಟ್ಟು ಮೈಭಾರ ಹಾಕಿದೆ. ಒಂದು ಏಟು ಹೊಡೆದು ಹೆದರಿಸುತ್ತಾರೆ ಎಂದುಕೊಂಡೆ. ಮೂರು ಹೊಡೆದರು. ಮೂರನೆಯದಕ್ಕೆ ಸದ್ದು ಬೇರೆ ಥರ ಬಂತು. ‘ಸಾಕು ಸಾರ್’ ಎನ್ನುವುದು ಬಾಯಿಗೆ ಬಂದಿತ್ತು. ಎನ್ನಲಿಲ್ಲ. “ಗಟ್ಟಿಯಾಗಿ ಹಿಡಿ” ಎಂದರು, ಹಿಡಿದೆ.

ಅವನು ಕಿರುಚಲಿಲ್ಲ. ಏನೋ ಗೊಣಗುತ್ತಿದ್ದ. ದೇವರನ್ನು ನೆನೆಯುತ್ತಿದ್ದಾನೆ ಎಂದುಕೊಂಡೆ. ಕಿವಿಗೊಟ್ಟಾಗ ಗೊತ್ತಾಯಿತು, ಎಣಿಸುತ್ತಿದ್ದ. ಮೂರು, ನಾಲ್ಕು, ಐದು. ಒಂಬತ್ತು ಮುಗಿದ ಮೇಲೆ ಮತ್ತೆ ಮೂರರಿಂದ. ಅಪ್ಪಾ, ನಾನು ಅಂಗಡಿಯಲ್ಲಿ ನಿನ್ನ ಮೇಜಿನ ಕೆಳಗೆ ಕೂತು ಎಣಿಸುತ್ತಿದ್ದ ಹಾಗೆಯೇ.

ಎರಡು ದಿನದ ಮೇಲೆ ಅಂಗಡಿಯವನ ಭಾವಮೈದುನನೇ ಒಡವೆಯ ಸಮೇತ ಸಿಕ್ಕಿಬಿದ್ದ. ಅವನ ಹತ್ತಿರ ತಿಜೋರಿಯ ನಕಲಿ ಕೀಲಿ ಇತ್ತು. ಅವತ್ತಿನಿಂದ ಠಾಣೆಯಲ್ಲಿ ಯಾರೂ ‘ಮೂರು ಕಳಿ’ ಎನ್ನುವುದಿಲ್ಲ. ಹೆಡ್ಡು ಈಗಲೂ ಡಬ್ಬಿಯಲ್ಲಿ ಪಾಲು ಎತ್ತಿಡುತ್ತಾರೆ. ನಾನು ತಿನ್ನುತ್ತೇನೆ.

ಆಗಸ್ಟ್ ಎರಡಕ್ಕೆ ಕ್ಲಿನಿಕ್ಕು, ಒಂಬತ್ತಕ್ಕೆ ವಿಚಾರಣೆ. ಹೊರಗಿನಿಂದ ಒಬ್ಬ ಅಧಿಕಾರಿ ಬರುತ್ತಾರೆ. “ಕೈ ಕ್ಲೀನಾಗಿದ್ರೆ ಅರ್ಧ ಗಂಟೇಲಿ ಮುಗಿಯುತ್ತೆ” ಎಂದರು ಸಾಹೇಬರು. ಒಂದೇ ಸಲಕ್ಕೆ ಪೂರ್ತಿ ಹೋಗದಿದ್ದರೂ ಸುಟ್ಟ ಕಲೆಯಲ್ಲಿ ಅಂಕಿ ಓದಲು ಬರುವುದಿಲ್ಲವಂತೆ. ನಿಜ ಹೇಳಿದರೆ ಮೊದಲು ಸಸ್ಪೆಂಡು, ಆಮೇಲೆ ಕೇಸು. ಹೆಡ್ಡಿಗೆ ನಿವೃತ್ತಿಗೆ ಹದಿನೈದು ತಿಂಗಳಿದೆ. ಎಲ್ಲವನ್ನೂ ತೂಗಿ ತೂಗಿ ನೋಡುತ್ತಿದ್ದೇನೆ.

ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ಫೆಬ್ರವರಿಯಲ್ಲಿ ಬರೆದಿದ್ದೆ. ಆ ಕಾಗದ ಇದ್ದರೆ ಹರಿದುಹಾಕು.

ಮಗಳು

•

ಜುಲೈ 27

ಮಗಳೇ,

ಕಾಗದ ಹರಿದಿಲ್ಲ. ಫೆಬ್ರವರಿಯದನ್ನೂ ಈಗ ಬಂದದ್ದನ್ನೂ ಅಳತೆ ಪುಸ್ತಕದಲ್ಲಿ ಇಟ್ಟಿದ್ದೇನೆ.

ಓದಿದ ದಿನ ಅಂಗಡಿ ತೆರೆಯಲಿಲ್ಲ. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ, ನಾಚಿಕೆಯಾಗಿದೆ, ಭಯವೂ ಆಗಿದೆ. ಮೂರೂ ಒಟ್ಟಿಗೆ ಬಂದಿರುವುದರಿಂದ ಯಾವುದನ್ನೂ ನೆಟ್ಟಗೆ ಬರೆಯಲಾಗುತ್ತಿಲ್ಲ. ಬೆರಳಿನಿಂದ ಬದುಕುವವನ ಬೆರಳು. ನನ್ನದೂ ಅದೇ ಬದುಕು, ಅದಕ್ಕೆ ಹೆಚ್ಚು ಚುಚ್ಚುತ್ತದೆ.

ಅಮ್ಮ ಅಂಗಿ ಕಳಿಸಿದ್ದನ್ನು ಒಪ್ಪಿಕೊಂಡಳು. ಇಲಿಯ ಕಥೆ ಎರಡನೇ ಸಲ ನಡೆಯುವುದಿಲ್ಲ. ಜಗಳವಾಡಿದೆವು. ನನಗೆ ಅರ್ಧ ಕೇಳಿಸಲಿಲ್ಲ, ಕೇಳಿಸಿದ ಅರ್ಧದಲ್ಲಿ ಅವಳದೂ ತಪ್ಪಿರಲಿಲ್ಲ.

ಸುಟ್ಟ ಟೇಪಿನ ಬದಲು ಹೊಸದು ಏಕೆ ಕೊಳ್ಳಲಿಲ್ಲ ಎಂದು ನೀನು ಯಾವತ್ತೂ ಕೇಳಿಲ್ಲ. ನಿನಗೆ ಪಾಠ ಕಲಿಸಲು ಎಂದುಕೊಂಡಿದ್ದೀಯ. ಅಮ್ಮ ಜಿಪುಣತನ ಎನ್ನುತ್ತಾಳೆ. ಮುಕ್ಕಾಲು ಪಾಲು ಅವಳು ಹೇಳುವುದೇ ನಿಜ. ಉಳಿದ ಕಾಲು ಪಾಲು ಇದು. ಎಷ್ಟು ಸುಟ್ಟಿದೆ ಎಂದು ಗೊತ್ತಿದ್ದರೆ ಸುಟ್ಟ ಟೇಪಿನಲ್ಲೂ ಅಳತೆ ಸರಿಯಾಗೇ ಬರುತ್ತದೆ. ಪ್ರತಿ ಸಲ ಬಾಯಿ ಬಿಟ್ಟು ಹೇಳಬೇಕು, ಅಷ್ಟೇ. ಒಂದು ದಿನ ಹೇಳದೆ ಬಿಟ್ಟರೆ ಅವತ್ತಿನ ಅಂಗಿಯೆಲ್ಲ ಕೆಟ್ಟವು.

ನೀನು ಏನು ಮಾಡಬೇಕು ಎಂದು ನಾನು ಬರೆಯುವುದಿಲ್ಲ. ಬರೆದರೆ ನಾಳೆ ‘ಅಪ್ಪ ಹೇಳಿದ’ ಎನ್ನುತ್ತೀಯ, ‘ಹೆಡ್ಡು ಹೇಳಿದರು’ ಎಂದ ಹಾಗೆ. ಇದರ ಜೊತೆ ಒಂದು ಅರ್ಧ ತೋಳಿನ ಅಂಗಿ ಇಸ್ತ್ರಿ ಮಾಡಿ ಕಳಿಸಿದ್ದೇನೆ. ಅಮ್ಮನದು ಒಂದು, ನನ್ನದು ಒಂದು. ಎರಡೂ ನಿನ್ನ ಅಳತೆಯವೇ.

ಅಪ್ಪ

•

ಆಗಸ್ಟ್ 10

ಅಪ್ಪಾ, ಅಮ್ಮಾ,

ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಅಮ್ಮಾ, ಜೋರಾಗಿ ಓದಬೇಡ, ಅಪ್ಪನ ಕೈಗೇ ಕೊಡು.

ಎರಡನೇ ತಾರೀಕು ಕ್ಲಿನಿಕ್ಕಿಗೆ ಹೋಗಿದ್ದೆ. ಮುಂಗೈಗೆ ಮರಗಟ್ಟುವ ಮುಲಾಮು ಹಚ್ಚಿ ಕೂರಿಸಿದರು. ನನ್ನ ಸರದಿ ಬರುವ ಹೊತ್ತಿಗೆ ಒರೆಸಿಕೊಂಡು ಎದ್ದು ಬಂದೆ, ಸಾಹೇಬರಿಗೆ ತಿಳಿಸಲಿಲ್ಲ. ಧೈರ್ಯದಿಂದಲ್ಲ. ಕೈಗೆ ಏನೂ ತಿಳಿಯದ ಹಾಗಾದಾಗ ಯಾಕೋ ಹೆದರಿಕೆಯಾಯಿತು.

ಒಂಬತ್ತನೇ ತಾರೀಕು ಹಾಕಿಕೊಂಡದ್ದು ಅಮ್ಮನ ಅಂಗಿ. ಅಪ್ಪಾ, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ನಿನ್ನದನ್ನು ಹಾಕಿಕೊಂಡು, ಬಿಚ್ಚಿ, ಅಮ್ಮನದನ್ನು ಹಾಕಿಕೊಂಡೆ.

ಅವತ್ತು ಸಂಜೆ ಠಾಣೆಯಲ್ಲಿದ್ದ ಏಳು ಜನರನ್ನೂ ಸಾಲಾಗಿ ನಿಲ್ಲಿಸಿದರು. ಎಲ್ಲರಿಗೂ ಪೂರ್ತಿ ತೋಳು. ಬೀಗದವನನ್ನು ಒಳಗೆ ಕರೆದರು. ಅಧಿಕಾರಿ, “ಇವರಲ್ಲಿ ಯಾರನ್ನಾದ್ರೂ ಗುರುತಿಸ್ತೀರಾ?” ಎಂದು ಕೇಳಿದರು. ಅವನು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿಕೊಂಡು ಬಂದ. ನನ್ನ ಮುಖವನ್ನೂ ನೋಡಿದ, ಮುಂದಕ್ಕೆ ಹೋದ. “ಹಿಡಿದಿದ್ದೋರ ಮುಖ ನೋಡಿಲ್ಲ ಸಾರ್, ಕೈ ನೋಡಿದ್ದು” ಎಂದ. “ಸರಿ, ಗುರುತಿಸಲಿಲ್ಲ ಅಂತ ಬರ್ಕೊಳ್ಳಿ” ಎಂದು ನಮ್ಮ ಸಾಹೇಬರು ಗುಮಾಸ್ತೆಗೆ ಹೇಳಿದರು. ಗುಮಾಸ್ತೆ ಬರೆಯತೊಡಗಿದ. ಅರ್ಧ ಗಂಟೆಯೂ ಆಗಿರಲಿಲ್ಲ.

ಅಮ್ಮಾ, ಆಗ ನಾನು ತೋಳಿನ ಗುಂಡಿ ಬಿಚ್ಚಲು ಹೋದೆ. ನಿನ್ನ ಕಾಜಾ. ಬಿಚ್ಚಲು ಬರುವುದಿಲ್ಲ. ಉಗುರಿನಲ್ಲಿ ಎಳೆದೆ, ಹಲ್ಲಿನಲ್ಲಿ ಎಳೆದೆ. ಗುಮಾಸ್ತೆ ಬರೆಯುವುದನ್ನು ನಿಲ್ಲಿಸಿದ. ಪಕ್ಕದಲ್ಲಿದ್ದ ಹೆಡ್ಡು ಮೆಲ್ಲಗೆ, “ಬೇಡಮ್ಮಾ” ಎಂದರು. ಆ ಕೋಣೆಯಲ್ಲಿದ್ದವರೆಲ್ಲ ನಾನು ಒಂದು ಗುಂಡಿ ಬಿಚ್ಚುವುದನ್ನು ಕಾಯುತ್ತಾ ನಿಂತಿದ್ದರು. ಕೊನೆಗೂ ಬಂತು. ತೋಳನ್ನು ಮೊಣಕೈಯವರೆಗೆ ಮಡಿಸಿದೆ.

ಬೀಗದವನು ಹತ್ತಿರ ಬಂದ. ಬೈಯುತ್ತಾನೆ, ಉಗಿಯುತ್ತಾನೆ ಎಂದುಕೊಂಡಿದ್ದೆ. ಅವನು ಕೈಯನ್ನು ನೋಡುತ್ತಲೇ, “ಯಾಕೆ ಮೂರರಿಂದ ಶುರು? ಅವತ್ತಿಂದ ಯೋಚನೆ ಮಾಡ್ತಾನೇ ಇದೀನಿ” ಎಂದ.

“ಚಿಕ್ಕವಳಿದ್ದಾಗ ಅಪ್ಪನ ಟೇಪು ಸುಟ್ಟುಹಾಕಿದ್ದೆ. ಉಳಿದಿದ್ದು ಇಷ್ಟು” ಎಂದೆ.

“ಹಾಗಾದ್ರೆ ಪ್ರತಿ ಸಲ ಮೂರು ಕಳೀಬೇಕು.”

“ಹೌದು.”

ಅವನು ಗುಮಾಸ್ತೆಯ ಕಡೆ ತಿರುಗಿ, “ಇದೇ ಕೈ. ಬರ್ಕೊಳ್ಳಿ” ಎಂದ.

ಹಿಡಿದದ್ದು ನಾನು, ಹೊಡೆದದ್ದು ಯಾರು, ಎಷ್ಟು ಏಟು, ಎಲ್ಲವನ್ನೂ ಹೇಳಿ ಸಹಿ ಹಾಕಿದೆ. ಹೆಡ್ಡನ್ನೂ ನನ್ನನ್ನೂ ಸಸ್ಪೆಂಡ್ ಮಾಡಿದ್ದಾರೆ. ಕೇಸು ಆಗುತ್ತದೆ. ಬೆಲ್ಟು, ಟೋಪಿ, ಹೆಸರಿನ ಪಟ್ಟಿ ವಾಪಸ್ ಕೊಟ್ಟೆ. ನಿನಗೆ ಕೊಡುವ ಹೊಲಿಗೆ ಕೆಲಸಕ್ಕೂ ಇದರಿಂದ ಕುತ್ತು ಬರಬಹುದು, ಅಪ್ಪಾ. ಆ ಯೋಚನೆ ನನಗೆ ಸಹಿ ಹಾಕಿದ ಮೇಲೆ ಬಂತು.

ಗುರುವಾರದ ಬಸ್ಸಿಗೆ ಬರಲೇ?

ಗುಂಡುಸೂಜಿ

•

ಆಗಸ್ಟ್ 13

ಗುಂಡುಸೂಜಿಗೆ,

ಬಾ. ಕೇಳುವುದೇನಿದೆ. ಅಮ್ಮ ಆಗಲೇ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ. ಮುಂದಿನ ಸಲ ಕಾಜಾ ಸ್ವಲ್ಪ ಸಡಿಲ ಮಾಡುತ್ತೇನೆ ಎಂದಳು. ಬೇಡ, ಹಾಗೇ ಇರಲಿ ಎಂದೆ.

ನೂರ ನಲವತ್ತು ಅಂಗಿಯಲ್ಲಿ ಅರವತ್ತು ಮುಗಿದಿವೆ. ಉಳಿದದ್ದನ್ನು ವಾಪಸ್ ಕೇಳಿದರೆ ಕೊಡುತ್ತೇನೆ. ಕೇಳದಿದ್ದರೆ ಹೊಲಿಯುತ್ತೇನೆ, ಆದರೆ ಮೊದಲಿನ ಹಾಗೆ ನನ್ನ ಮಾತೇ ಸರಿ ಎಂದುಕೊಂಡು ಹೊಲಿಯಲು ಆಗುತ್ತಿಲ್ಲ. ಪೊಲೀಸರ ಕೈ ಕಾಣಬೇಕೋ ಬೇಡವೋ ಎಂಬುದರ ಬಗ್ಗೆ ನೀನು ಬಂದ ಮೇಲೆ ಕೂತು ಜಗಳವಾಡೋಣ. ಈ ಸಲ ನಾನು ಸೋಲಲೂಬಹುದು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಗುಂಡಿಯ ವಿಷಯ ಇದೆ, ಮುಲಾಮಿನ ವಿಷಯ ಇದೆ, ಬೆಲ್ಟು ಟೋಪಿಯ ವಿಷಯ ಇದೆ. ನನ್ನ ಹೊಲಿಗೆ ಕೆಲಸದ ಚಿಂತೆಯೂ ಇದೆ. ಅವನ ಬೆರಳು ಈಗ ಹೇಗಿದೆ ಎಂದು ನೀನು ಬರೆದಿಲ್ಲ. ಮಡಿಸಲು ಬರುತ್ತದೆಯೇ, ಕೀಲಿ ಹಿಡಿಯಲು ಬರುತ್ತದೆಯೇ, ಅಂಗಡಿ ತೆರೆಯುತ್ತಿದ್ದಾನೆಯೇ, ಏನೂ ಇಲ್ಲ.

ಗುರುವಾರ ಬೇಡ, ಶುಕ್ರವಾರದ ಬಸ್ಸಿಗೆ ಬಾ. ಗುರುವಾರ ಅವನ ಅಂಗಡಿಗೆ ಹೋಗಿ ಕೇಳಿಕೊಂಡು ಬಾ. ಅರ್ಧ ತೋಳಿನದನ್ನು ಹಾಕಿಕೊಂಡು ಹೋಗು.

ನಿನ್ನ ಅಪ್ಪ